ಮತ್ತೆ ಹೋಯಿತಾ ಇಂಟರ್‌ನೆಟ್? ಬೇ ಏರಿಯಾ ಮನೆಗಳ ಬ್ರಾಡ್‌ಬ್ಯಾಂಡ್ ಪುರಾಣ



ನಮ್ಮ ಮನೆಗಳಲ್ಲಿ ರಾತ್ರಿ ಎಂಟೂವರೆ ಎಂದರೆ ಗಡಿಬಿಡಿಯ ಹೊತ್ತು. ಒಂದು ರೂಮಿನಲ್ಲಿ ಗಂಡನೋ ಹೆಂಡತಿಯೋ ಬೆಂಗಳೂರಿನ ಟೀಮ್ ಜೊತೆ ಮೀಟಿಂಗ್‌ಗೆ ಕೂತಿರುತ್ತಾರೆ, ಇನ್ನೊಂದರಲ್ಲಿ ಮಕ್ಕಳ ಹೋಮ್‌ವರ್ಕ್, ಹಾಲ್‌ನಲ್ಲಿ ಊರಿಂದ ಬಂದ ಅತ್ತೆ-ಮಾವನವರ ಧಾರಾವಾಹಿ. ಸರಿಯಾಗಿ ಆಗಲೇ ಮೋಡೆಮ್‌ನ ದೀಪ ಮಿಣುಕಲು ಶುರು! ಕಂಪನಿಗೆ ಫೋನ್ ಮಾಡಿದರೆ ಮೊದಲು ಯಂತ್ರದ ದನಿ, ಆಮೇಲೆ ಸಂಗೀತ, ಕೊನೆಗೊಬ್ಬರು ಬಂದು ‘ಮೋಡೆಮ್ ಆಫ್ ಮಾಡಿ, ಮೂವತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ’ ಎನ್ನುತ್ತಾರೆ. ಅಷ್ಟರಲ್ಲಿ ಅದು ತಾನಾಗಿಯೇ ಬಂದಿರುತ್ತದೆ. ಮೂರು ದಿನ ಬಿಟ್ಟು ಮತ್ತೆ ಅದೇ ಕಥೆ.

ಒಂದು ಸಲ ಹೋದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಲೋಡ್ ಶೆಡ್ಡಿಂಗ್ ಟೈಮ್‌ಟೇಬಲ್ ನೋಡಿಕೊಂಡು ಪರೀಕ್ಷೆಗೆ ಓದಿದವರು ನಾವು. ಸಿಟ್ಟು ಬರುವುದು ಅದೇ ಮತ್ತೆ ಮತ್ತೆ ಆದಾಗ, ಮತ್ತು ಪ್ರತಿ ಸಲವೂ ಅದು ಮೊದಲನೆಯ ಸಲವೇನೋ ಎಂಬಂತೆ ಕಂಪನಿಯವರು ಮಾತಾಡಿದಾಗ. ಹೀಗೇಕೆ ಆಗುತ್ತದೆ, ತಂತಿ ನಿಜಕ್ಕೂ ಎಲ್ಲಿ ಕೈಕೊಡುತ್ತದೆ, ಇದಕ್ಕೆ ಯಾರಾದರೂ ಜವಾಬ್ದಾರರೇ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ ಎಂದು ಈ ಲೇಖನ. ಸಿಲಿಕಾನ್ ಕಣಿವೆಯಲ್ಲೇ ಕೂತು ಇದನ್ನೆಲ್ಲ ವಿವರಿಸಬೇಕಾಗಿ ಬಂದಿರುವುದು ತಮಾಷೆಯೇ ಸರಿ.

ಹಳಬರಿಗೆ ನೆನಪಿದೆಯೇ?

ಕೇಬಲ್ ಮೂಲಕ ಮನೆಗೆ ಇಂಟರ್‌ನೆಟ್ ಕೊಡುವ ಅಟ್ ಹೋಮ್ ಸೇವೆ 1996ರಲ್ಲಿ ಮೊದಲು ಶುರುವಾದದ್ದು ನಮ್ಮ ಫ್ರೀಮಾಂಟ್‌ನಲ್ಲೇ, ಟಿಸಿಐ ಎಂಬ ಕೇಬಲ್ ಕಂಪನಿಯ ಜೊತೆ. ಡಯಲ್-ಅಪ್ ಮೋಡೆಮ್‌ನ ಕಿರುಚಾಟ ಕೇಳಿ ಸಾಕಾಗಿದ್ದವರಿಗೆ ಅದು ಸ್ವರ್ಗದಂತೆ ಕಂಡಿತ್ತು. ಆದರೆ ಡಾಟ್-ಕಾಮ್ ಕುಸಿದಾಗ ಮೊದಲು ಏಟು ಬಿದ್ದದ್ದೂ ಮನೆಗಳಿಗೇ. 2001ರ ಮಾರ್ಚ್ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಾರ್ತ್‌ಪಾಯಿಂಟ್ ಎಂಬ ಡಿಎಸ್‌ಎಲ್ ಕಂಪನಿ ದಿವಾಳಿಯಾಗಿ ತನ್ನ ಜಾಲವನ್ನೇ ಮುಚ್ಚಿತು. ಸುಮಾರು ಒಂದು ಲಕ್ಷ ಗ್ರಾಹಕರು ನಡುದಾರಿಯಲ್ಲಿ ನಿಂತರು. ಅದೇ ವರ್ಷ ಡಿಸೆಂಬರ್ 1ರಂದು ರೆಡ್‌ವುಡ್ ಸಿಟಿಯ ಎಕ್ಸೈಟ್ ಅಟ್ ಹೋಮ್‌ನ ಸರದಿ. ಎಟಿ ಅಂಡ್ ಟಿ ಬ್ರಾಡ್‌ಬ್ಯಾಂಡ್‌ನ ಸುಮಾರು ಎಂಟೂವರೆ ಲಕ್ಷ ಗ್ರಾಹಕರಿಗೆ ರಾತ್ರೋರಾತ್ರಿ ಸಂಪರ್ಕ ಹೋಯಿತು. ಅವರನ್ನೆಲ್ಲ ಹೊಸ ಜಾಲಕ್ಕೆ ಸೇರಿಸಲು ಒಂದು ವಾರದಷ್ಟು ಹಿಡಿಯಿತು. ಹಳೆಯ ಈ-ಮೇಲ್ ವಿಳಾಸವಂತೂ ಕೈಬಿಟ್ಟೇ ಹೋಯಿತು.

ಆಗ ಕಂಪನಿಗಳೇ ಮುಳುಗುತ್ತಿದ್ದವು. ಈಗ ಕಂಪನಿಗಳು ದೊಡ್ಡದಾಗಿವೆ, ಗಟ್ಟಿಯಾಗಿ ಕೂತಿವೆ, ಹೋಗುವುದು ತಂತಿ. ಟಿಸಿಐ 1999ರಲ್ಲಿ ಎಟಿ ಅಂಡ್ ಟಿ ಪಾಲಾಯಿತು, 2002ರ ನವೆಂಬರ್‌ನಲ್ಲಿ ಕಾಮ್‌ಕಾಸ್ಟ್ ಪಾಲಾಯಿತು. ಪೆಸಿಫಿಕ್ ಬೆಲ್ ಎಸ್‌ಬಿಸಿ ಆಗಿ, 2005ರಲ್ಲಿ ಮತ್ತೆ ಎಟಿ ಅಂಡ್ ಟಿ ಎಂಬ ಹೆಸರಿಗೇ ಬಂತು. ಬಿಲ್ಲಿನ ಮೇಲಿನ ಹೆಸರು ಇಷ್ಟು ಸಲ ಬದಲಾದರೂ, ನಮ್ಮ ಕಡೆಯ ಹಳೆಯ ಮನೆಗಳ ಎಷ್ಟೋ ಗೋಡೆಗಳೊಳಗೆ ಮೊದಲು ಟಿವಿಗೆಂದು ಎಳೆದ ಕೇಬಲ್ಲೇ ಇನ್ನೂ ಇದೆ.

ತಂತಿ ಕೈಕೊಡುವುದು ಎಲ್ಲಿ?

ಕೇಬಲ್ ಇಂಟರ್‌ನೆಟ್ ಇರುವವರ ಕಥೆ ಮೊದಲು ಹೇಳುತ್ತೇನೆ, ಏಕೆಂದರೆ ‘ಬಂತು-ಹೋಯಿತು’ ರೋಗ ಹೆಚ್ಚು ಕಾಡುವುದು ಅಲ್ಲೇ. ಕಂಪನಿಯ ಕಟ್ಟಡದಿಂದ ನಿಮ್ಮ ಬಡಾವಣೆಯ ಒಂದು ಪೆಟ್ಟಿಗೆಯ ತನಕ ಬರುವುದು ಫೈಬರ್, ಅಂದರೆ ಬೆಳಕು ಹಾಯುವ ಗಾಜಿನ ಎಳೆ. ಆ ಪೆಟ್ಟಿಗೆಗೆ ನೋಡ್ ಎಂದು ಹೆಸರು. ಅಲ್ಲಿಂದ ಮುಂದೆ ಕಂಬದ ಮೇಲೋ ನೆಲದೊಳಗೋ ತಾಮ್ರದ ಕೇಬಲ್ ಓಡುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಸಿಗ್ನಲ್‌ಗೆ ಬಲ ತುಂಬುವ ಆಂಪ್ಲಿಫೈಯರ್‌ಗಳು, ಪ್ರತಿ ಮನೆಗೂ ಒಂದು ಕವಲು. ಒಂದು ನೋಡ್‌ಗೆ ನೂರಾರು ಮನೆಗಳು ಸೇರಿರುತ್ತವೆ.

ಇಲ್ಲೇ ಇರುವುದು ಎಡವಟ್ಟು. ಮನೆಗೆ ಬರುವ ಸಿಗ್ನಲ್ ಒಂದು ಕಡೆಯಿಂದ ಎಲ್ಲರಿಗೂ ಹಂಚಿಹೋಗುತ್ತದೆ. ಆದರೆ ಮನೆಯಿಂದ ವಾಪಸ್ ಹೋಗುವ ಸಿಗ್ನಲ್‌ಗಳೆಲ್ಲ ಒಂದೇ ಕೊಳವೆಗೆ ಬಂದು ಸೇರುತ್ತವೆ. ಅದಕ್ಕೆ ಸಾಂಪ್ರದಾಯಿಕವಾಗಿ ಮೀಸಲಿಟ್ಟಿರುವುದು 5ರಿಂದ 42 ಮೆಗಾಹರ್ಟ್ಸ್ ನಡುವಿನ ಕಿರಿದಾದ ಜಾಗ. ನಾಲ್ಕು ಮನೆ ಆಚೆ ಯಾರೋ ಅಟ್ಟದ ಮೇಲೆ ಹಳೆಯ ಸ್ಪ್ಲಿಟರ್ ಬಿಟ್ಟಿದ್ದರೆ, ಎಲ್ಲೋ ಒಂದು ಕಡೆ ಕನೆಕ್ಟರ್ ಸಡಿಲವಾಗಿದ್ದರೆ, ಅಲ್ಲಿಂದ ನುಗ್ಗಿದ ಗದ್ದಲ ಇಡೀ ಬೀದಿಯ ಮೋಡೆಮ್‌ಗಳ ಮಾತನ್ನು ಮುಳುಗಿಸಿಬಿಡುತ್ತದೆ. ಮದುವೆ ಮನೆಯಲ್ಲಿ ಒಬ್ಬರು ಮೈಕ್ ಹಿಡಿದು ಊದಿದರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸದ ಹಾಗೆ! ಆಗ ನಿಮ್ಮ ಮನೆಯ ಮೋಡೆಮ್ ಎಷ್ಟೇ ಹೊಸದಿದ್ದರೂ ಏನೂ ಪ್ರಯೋಜನವಿಲ್ಲ.

ಇನ್ನು ಹವೆ. ಮೇ ತಿಂಗಳಿಂದ ಒಂದು ಹನಿಯೂ ಕಾಣದ ಕೇಬಲ್ ಜೋಡಣೆಗಳ ಮೇಲೆ ಅಕ್ಟೋಬರ್, ನವೆಂಬರ್‌ನ ಮೊದಲ ಮಳೆ ಬಿದ್ದಾಗ ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳೆಲ್ಲ ಬಯಲಾಗುತ್ತವೆ. ಬಿಸಿಲಿಗೆ ಲೋಹ ಹಿಗ್ಗುತ್ತದೆ, ರಾತ್ರಿಯ ತಂಪಿಗೆ ಕುಗ್ಗುತ್ತದೆ. ಸಡಿಲ ಜೋಡಣೆ ಮಧ್ಯಾಹ್ನ ಎರಡಕ್ಕೆ ಬಿಟ್ಟುಕೊಂಡು ಸಂಜೆ ಆರಕ್ಕೆ ತಾನೇ ಕೂಡಿಕೊಳ್ಳುತ್ತದೆ. ಅಳಿಲು ಕೇಬಲ್ ಕಡಿಯುವುದೂ ಕಟ್ಟುಕಥೆಯಲ್ಲ, ಈ ಉದ್ಯಮದವರ ನಿತ್ಯದ ಗೋಳು. ಹಳೆಯ ಟೆಲಿಫೋನ್ ತಂತಿಯ ಮೇಲೆ ಬರುವ ಡಿಎಸ್‌ಎಲ್‌ಗೆ ನೀರಿನ ಕಾಟ ಇನ್ನೂ ಹೆಚ್ಚು. ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ ದೂರವಿದ್ದಷ್ಟೂ ಅದರ ಸಿಗ್ನಲ್ ಬಡವಾಗುತ್ತಾ ಹೋಗುತ್ತದೆ. ಮನೆಯ ತನಕ ಫೈಬರ್ ಬಂದಿರುವವರು ಪುಣ್ಯವಂತರು. ಅದರ ದಾರಿಯಲ್ಲಿ ವಿದ್ಯುತ್ ಬೇಡುವ ಪೆಟ್ಟಿಗೆ ಬಹುಮಟ್ಟಿಗೆ ಇಲ್ಲ, ಮಳೆಗೆ ಗಾಜು ತುಕ್ಕು ಹಿಡಿಯುವುದಿಲ್ಲ. ಆದರೆ ಗುದ್ದಲಿಗೆ ಫೈಬರ್ ಆದರೇನು, ತಾಮ್ರವಾದರೇನು?

ಟೆಕ್ನೀಷಿಯನ್ ಬಂದು ಹೋದರೂ ಸರಿಯಾಗದೇ ಇರುವುದಕ್ಕೆ ಕಾರಣವೂ ಇದರೊಳಗೇ ಇದೆ. ಮನೆಗೆ ಬರುವವರ ಕೆಲಸ ಮನೆಯದು: ಸ್ಪ್ಲಿಟರ್, ಕನೆಕ್ಟರ್, ಮೋಡೆಮ್ ಬದಲಾಯಿಸುತ್ತಾರೆ. ಅವರು ಬಂದ ಹೊತ್ತಿಗೆ ದೀಪ ಹಸಿರಾಗಿ ಉರಿಯುತ್ತಿದ್ದರೆ ‘ಆಲ್ ಗುಡ್’ ಎಂದು ಬರೆದು ಹೊರಡುತ್ತಾರೆ. ಕಂಬದ ಮೇಲಿನ ಕೇಬಲ್, ಆಂಪ್ಲಿಫೈಯರ್, ನೋಡ್ ನೋಡಿಕೊಳ್ಳುವ ಲೈನ್ ಮೆಂಟೆನೆನ್ಸ್ ತಂಡವೇ ಬೇರೆ. ಅವರನ್ನು ಕಳಿಸಬೇಕಾದರೆ ತೊಂದರೆ ಒಂದು ಮನೆಯದಲ್ಲ, ಬೀದಿಯದು ಎಂದು ಕಂಪನಿಯ ಲೆಕ್ಕದಲ್ಲಿ ದಾಖಲಾಗಬೇಕು. ಹತ್ತು ಮನೆಯವರು ಹತ್ತು ಬೇರೆ ಬೇರೆ ದಿನ ಫೋನ್ ಮಾಡಿದರೆ ಅದು ಹತ್ತು ಬಿಡಿ ದೂರುಗಳಾಗಿಯೇ ಉಳಿಯುವ ಸಾಧ್ಯತೆ ಹೆಚ್ಚು.

ದೊಡ್ಡ ತಂತಿಯೇ ತುಂಡಾದ ದಿನ

ಇದು ಬೀದಿಯ ಮಟ್ಟದ ಕಥೆ. ಇನ್ನೂ ಮೇಲಿನ ಮಟ್ಟದಲ್ಲಿ ಏಟು ಬಿದ್ದರೆ ಏನಾಗುತ್ತದೆ ಎಂಬುದನ್ನು ಸೌತ್ ಬೇ 2009ರ ಏಪ್ರಿಲ್ 9ರಂದು ಕಂಡಿತು. ಆ ಗುರುವಾರ ಬೆಳಗಿನ ಜಾವ ಯಾರೋ ಸ್ಯಾನ್ ಹೋಸೆಯ ಮಾಂಟೆರೆ ಹೈವೇ ಪಕ್ಕ, ಬ್ಲಾಸಮ್ ಹಿಲ್ ರಸ್ತೆಯ ಹತ್ತಿರ, ಮ್ಯಾನ್‌ಹೋಲ್‌ನೊಳಗೆ ಇಳಿದು ಫೈಬರ್ ಕೇಬಲ್‌ಗಳನ್ನು ಕತ್ತರಿಸಿ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಸ್ಯಾನ್ ಕಾರ್ಲೋಸ್‌ನಲ್ಲೂ ಅದೇ ಕೃತ್ಯ. ಸಾಂಟಾ ಕ್ಲಾರಾ ಕೌಂಟಿಯ ದಕ್ಷಿಣ ಭಾಗ, ಸಾಂಟಾ ಕ್ರೂಜ್, ಸ್ಯಾನ್ ಬೆನಿಟೊ ಕೌಂಟಿಗಳಲ್ಲಿ ಜನ ಎದ್ದು ನೋಡಿದರೆ ಇಂಟರ್‌ನೆಟ್ ಇಲ್ಲ, ಮನೆಯ ಫೋನ್ ಇಲ್ಲ, ಸೆಲ್‌ಫೋನೂ ಇಲ್ಲ. 9-1-1 ಕೂಡ ಹೋಗುತ್ತಿಲ್ಲ! ಎಟಿಎಂಗಳು ನಿಂತವು, ಅಂಗಡಿಗಳಲ್ಲಿ ಕ್ಯಾಶ್ ಇದ್ದವರಿಗಷ್ಟೇ ವ್ಯಾಪಾರ. ತುರ್ತು ಸಹಾಯ ಬೇಕಾದವರು ನೇರವಾಗಿ ಫೈರ್ ಸ್ಟೇಷನ್‌ಗೆ ಹೋಗಬೇಕಾಯಿತು, ಸುದ್ದಿ ಮುಟ್ಟಿಸಲು ಹವ್ಯಾಸಿ ಹ್ಯಾಮ್ ರೇಡಿಯೋದವರು ನೆರವಿಗೆ ಬಂದರು. ಕೌಂಟಿ ತುರ್ತು ಪರಿಸ್ಥಿತಿ ಘೋಷಿಸಿತು. ತಪ್ಪಿತಸ್ಥರ ಸುಳಿವು ಕೊಟ್ಟವರಿಗೆ ಎಟಿ ಅಂಡ್ ಟಿ ಒಂದು ಲಕ್ಷ ಡಾಲರ್ ಬಹುಮಾನ ಘೋಷಿಸಿ, ಆಮೇಲೆ ಎರಡೂವರೆ ಲಕ್ಷಕ್ಕೆ ಏರಿಸಿತು.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಆಗ ಮಾರ್ಗನ್ ಹಿಲ್, ಗಿಲ್‌ರಾಯ್ ಕಡೆಯ ಮನೆ ಫೋನ್‌ಗಳು ಎಟಿ ಅಂಡ್ ಟಿ ಅವರದ್ದಲ್ಲ, ವೆರೈಜನ್ ಅವರದ್ದು. ಆದರೂ ಸತ್ತವು, ಏಕೆಂದರೆ ಹೊರಜಗತ್ತಿಗೆ ಹೋಗುವ ಅವರ ದಾರಿ ಅದೇ ಕೇಬಲ್‌ನೊಳಗಿತ್ತು. ‘ಮನೆಗೆ ಒಂದು ಕಂಪನಿ, ಫೋನಿಗೆ ಇನ್ನೊಂದು ಕಂಪನಿ, ನಮಗೇನು ಭಯ’ ಎನ್ನುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಬಿಲ್ ಎರಡಾದರೂ ನೆಲದೊಳಗಿನ ಕಾಲುವೆ ಒಂದೇ ಇರಬಹುದು. ಸೆಲ್ ಟವರ್ ಕೂಡ ಕೊನೆಗೆ ಒಂದು ತಂತಿಗೇ ಜೋತುಬಿದ್ದಿರುತ್ತದೆ.

ಐದು ವರ್ಷದ ನಂತರ ಈಸ್ಟ್ ಬೇಗೂ ಅದೇ ಗ್ರಹಚಾರ. 2014ರ ಜುಲೈ 6ರ ರಾತ್ರಿ ಬರ್ಕ್ಲಿ, ಫ್ರೀಮಾಂಟ್, ವಾಲ್‌ನಟ್ ಕ್ರೀಕ್, ಸ್ಯಾನ್ ಹೋಸೆ ಹೀಗೆ ಒಂದರ ಹಿಂದೊಂದು ಕಡೆ ಫೈಬರ್ ಕತ್ತರಿಸಲಾಯಿತು. 2015ರ ಫೆಬ್ರವರಿಯಲ್ಲಿ ಮತ್ತೆ ಫ್ರೀಮಾಂಟ್‌ನ ನೈಲ್ಸ್ ಕ್ಯಾನಿಯನ್ ಬಳಿ, ಜೂನ್‌ನಲ್ಲಿ ಅಲಾಮೋ, ಮೌರಿ ಅವೆನ್ಯೂ, ಕೊನೆಗೆ ಲಿವರ್‌ಮೋರ್. ಒಂದು ವರ್ಷದಲ್ಲಿ ಹನ್ನೊಂದು ಘಟನೆಗಳೆಂದು ಎಫ್‌ಬಿಐ ಲೆಕ್ಕ ಕೊಟ್ಟು ಸಾರ್ವಜನಿಕರ ಸಹಾಯ ಕೇಳಿತು. ಇನ್ನು ಯಾರೂ ಬೇಕೆಂದು ಕಡಿಯದೆಯೂ ದೊಡ್ಡ ಜಾಲ ಬೀಳುವುದುಂಟು: 2021ರ ನವೆಂಬರ್ 8ರ ರಾತ್ರಿ ಬೇ ಏರಿಯಾದಲ್ಲಿ ಕಾಮ್‌ಕಾಸ್ಟ್ ಎಕ್ಸ್‌ಫಿನಿಟಿ ನಿಂತುಹೋಯಿತು, ಮರುದಿನ ಬೆಳಿಗ್ಗೆ ಷಿಕಾಗೋ, ಫಿಲಡೆಲ್ಫಿಯಾ ಕಡೆಯವರ ಸರದಿ.

ಕರೆಂಟ್ ಹೋದರೆ ಎಲ್ಲವೂ ಹೋಯಿತು

‘ಅಮೆರಿಕದಲ್ಲೂ ಕರೆಂಟ್ ಹೋಗುತ್ತಾ?’ ಎಂದು ಊರಿನವರು ನಗುತ್ತಿದ್ದ ಕಾಲವಿತ್ತು. 2019ರ ಅಕ್ಟೋಬರ್ ಅದಕ್ಕೆ ಉತ್ತರ ಕೊಟ್ಟಿತು. ಕಾಡ್ಗಿಚ್ಚಿನ ಭಯಕ್ಕೆ ಪಿಜಿ ಅಂಡ್ ಇ ತಾನೇ ಸ್ವಿಚ್ ಆಫ್ ಮಾಡಿತು: ಮೊದಲ ಸುತ್ತಿನಲ್ಲಿ 7 ಲಕ್ಷಕ್ಕೂ ಹೆಚ್ಚು, ತಿಂಗಳ ಕೊನೆಯ ಸುತ್ತಿನಲ್ಲಿ 9 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು. ಕೇಬಲ್ ಜಾಲದ ಕಂಬದ ಪೆಟ್ಟಿಗೆಗಳಲ್ಲಿರುವ ಬ್ಯಾಟರಿ ತಡೆಯುವುದು ಕೆಲವೇ ಗಂಟೆ. ಹೀಗಾಗಿ ಮನೆಯಲ್ಲಿ ಜನರೇಟರ್ ಇದ್ದವರಿಗೂ ಇಂಟರ್‌ನೆಟ್ ಹೋಯಿತು. ಮರಿನ್ ಕೌಂಟಿಯಲ್ಲಂತೂ ಒಂದು ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ಸೆಲ್ ಟವರ್‌ಗಳು ಮೌನವಾಗಿದ್ದವು. ಇದಾದ ಮೇಲೆ ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್, ಅಂದರೆ ಸಿಪಿಯುಸಿ, ಬೆಂಕಿಯ ಅಪಾಯ ಹೆಚ್ಚಿರುವ ಪ್ರದೇಶಗಳಲ್ಲಿ 72 ಗಂಟೆಯ ಬ್ಯಾಕಪ್ ವಿದ್ಯುತ್ ಇಡಬೇಕೆಂದು 2020ರಲ್ಲಿ ಸೆಲ್‌ಫೋನ್ ಕಂಪನಿಗಳಿಗೂ, 2021ರಲ್ಲಿ ತಂತಿಯ ಕಂಪನಿಗಳಿಗೂ ಆದೇಶಿಸಿತು. ಆ ಆದೇಶ ಬೆಟ್ಟದ ಕಡೆಯವರಿಗೆ. ಸನ್ನಿವೇಲ್, ಮಿಲ್ಪಿಟಾಸ್‌ನ ಬಯಲಿನ ಮನೆಗಳಿಗೆ ಅಷ್ಟೊಂದು ಭರವಸೆ ಇಟ್ಟುಕೊಳ್ಳಬೇಡಿ.

ಹಾಗಾದರೆ ಕೇಳುವವರು ಯಾರು?

ನನಗೆ ನಿಜಕ್ಕೂ ಸಿಟ್ಟು ತರಿಸುವ ಭಾಗ ಇದು. ಹಳೆಯ ಕಾಲದ ಮನೆ ಫೋನ್ ಕೆಟ್ಟರೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಅಳತೆಗೋಲು ಇದೆ. 2009ರ ಸಿಪಿಯುಸಿ ನಿಯಮದ ಪ್ರಕಾರ ನೂರಕ್ಕೆ 90 ದೂರುಗಳನ್ನು 24 ಗಂಟೆಯೊಳಗೆ ಸರಿಪಡಿಸಬೇಕಿತ್ತು. 2016ರಲ್ಲಿ ಅದಕ್ಕೆ ದಂಡವೂ ಸೇರಿತು. ಆದರೆ ಅದು ಫೋನಿಗೆ, ಇಂಟರ್‌ನೆಟ್‌ಗಲ್ಲ. ಬ್ರಾಡ್‌ಬ್ಯಾಂಡನ್ನು ಫೋನಿನ ಹಾಗೆ ಅಗತ್ಯ ಸಂಪರ್ಕ ಸೇವೆ ಎಂದು ಪರಿಗಣಿಸಲು ಕೇಂದ್ರದ ಎಫ್‌ಸಿಸಿ 2024ರಲ್ಲಿ ಹೊರಟಿತ್ತು. 2025ರ ಜನವರಿ 2ರಂದು ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಪ್ರತಿ ಪ್ಲಾನ್‌ಗೂ ಒಂದು ಲೇಬಲ್ ಹಾಕಬೇಕೆಂಬ ನಿಯಮ ಬಂತು, ಬಿಸ್ಕತ್ ಪೊಟ್ಟಣದ ಮೇಲೆ ಸಕ್ಕರೆ ಎಷ್ಟು ಎಂದು ಬರೆಯುತ್ತಾರಲ್ಲ, ಹಾಗೆ. ಅದರಲ್ಲಿ ಬೆಲೆ, ವೇಗ, ಡೇಟಾ ಮಿತಿ ಎಲ್ಲ ಉಂಟು. ವರ್ಷಕ್ಕೆ ಎಷ್ಟು ಸಲ ಹೋಗುತ್ತದೆ ಎಂಬ ಸಾಲು ಮಾತ್ರ ಇಲ್ಲ!

ನಮ್ಮ ಭಾರತದಲ್ಲಿ ಟ್ರಾಯ್ 2006ರಲ್ಲೇ ನಿಯಮ ಮಾಡಿತ್ತು: ಬ್ರಾಡ್‌ಬ್ಯಾಂಡ್ ದೂರುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮುಂದಿನ ಕೆಲಸದ ದಿನದೊಳಗೆ ಸರಿಯಾಗಬೇಕು, ಮೂರು ದಿನ ಮೀರಿದರೆ ಬಿಲ್ಲಿನಲ್ಲಿ ರಿಯಾಯಿತಿ ಕೊಡಬೇಕು. ಅದು ಜಯನಗರದಲ್ಲಿ ಎಷ್ಟು ನಡೆಯಿತು, ಬಸವನಗುಡಿಯಲ್ಲಿ ಎಷ್ಟು ನಡೆಯಿತು ಎಂದು ನಿಮ್ಮ ಅಪ್ಪ-ಅಮ್ಮನನ್ನೇ ಕೇಳಿ. ಆದರೂ ಕಾಗದದ ಮೇಲೆ ಒಂದು ಗಡುವು ಇತ್ತು. ಲೈನ್‌ಮನ್‌ನ ಹೆಸರೂ ಗೊತ್ತಿರುತ್ತಿತ್ತು.

ಹಣದ ಲೆಕ್ಕವನ್ನೂ ನೋಡಿ. ತಿಂಗಳಿಗೆ 90 ಡಾಲರ್ ಬಿಲ್ ಎಂದುಕೊಳ್ಳಿ. ದಿನಕ್ಕೆ 3 ಡಾಲರ್. ಆರು ಗಂಟೆ ಹೋಯಿತೆಂದು ಅಷ್ಟಕ್ಕೇ ಪರಿಹಾರ ಕೇಳಿದರೆ ಸಿಗುವುದು 75 ಸೆಂಟ್. ಅದಕ್ಕಾಗಿ ನೀವು ಫೋನಿನಲ್ಲಿ ಕಾಯುವುದು ನಲವತ್ತು ನಿಮಿಷ. ಸಾಲದ್ದಕ್ಕೆ ಎಷ್ಟೋ ಬೀದಿಗಳಲ್ಲಿ ವೇಗದ ಸೇವೆ ಕೊಡುವ ಕಂಪನಿ ಒಂದೇ. ಇಂಥಲ್ಲಿ ಒಂದು ಬೀದಿಯ ಹಳೆಯ ಕೇಬಲ್ ಬದಲಾಯಿಸಲು ಕಂಪನಿಗೆ ಅವಸರವೇನಿದೆ? ಫೈಬರ್ ಪೈಪೋಟಿ ಇರುವ ಕಡೆ ಮಾತು ಸ್ವಲ್ಪ ಬದಲಾಗುತ್ತದೆ. ಸಾಂಟಾ ರೋಸಾದ ಸೋನಿಕ್‌ನಂಥ ಸ್ಥಳೀಯ ಕಂಪನಿ ಫೈಬರ್ ಎಳೆದಿರುವ ಬೀದಿಯಲ್ಲಿ ‘ಬಿಟ್ಟು ಹೋಗುತ್ತೇನೆ’ ಎಂದರೆ ಅದಕ್ಕೊಂದು ಅರ್ಥವಿರುತ್ತದೆ. ಫೈಬರ್ 20 ನಿಮಿಷ ಅಥವಾ ಹೆಚ್ಚು ಹೊತ್ತು ನಿಂತರೆ ಒಂದು ಇಡೀ ದಿನದ ಹಣ ಬಿಡುವುದಾಗಿ ಎಟಿ ಅಂಡ್ ಟಿ 2025ರ ಜನವರಿಯಲ್ಲಿ ಪ್ರಕಟಿಸಿತು. ಕಾನೂನು ಮಾಡಿಸದ ಕೆಲಸವನ್ನು ಪೈಪೋಟಿ ಮಾಡಿಸಿದೆ ಎಂದು ನನ್ನ ಅನಿಸಿಕೆ.

ನಾವು ಮಾಡಬಹುದಾದದ್ದು

ಮೊದಲ ಕೆಲಸ ದಿನಚರಿ ಬರೆಯುವುದು. ಯಾವ ದಿನ, ಎಷ್ಟು ಗಂಟೆಗೆ ಹೋಯಿತು, ಯಾವಾಗ ಬಂತು, ಬಿಸಿಲೋ ಮಳೆಯೋ, ಅಷ್ಟೇ ಸಾಕು. ವೈ-ಫೈ ನಂಬಬೇಡಿ, ಲ್ಯಾಪ್‌ಟಾಪಿಗೆ ತಂತಿ ಹಾಕಿ ನೋಡಿ. ತಂತಿಯಲ್ಲಿ ಬಂದು ವೈ-ಫೈನಲ್ಲಿ ಬರದಿದ್ದರೆ ರೋಗ ನಿಮ್ಮ ರೌಟರಿನದು, ಕಂಪನಿಯನ್ನು ಬೈದು ಫಲವಿಲ್ಲ. ಕೇಬಲ್ ಮೋಡೆಮ್ ಇದ್ದವರು ಬ್ರೌಸರ್‌ನಲ್ಲಿ 192.168.100.1 ಎಂದು ಹಾಕಿದರೆ ಹೆಚ್ಚಿನ ಮೋಡೆಮ್‌ಗಳು ತಮ್ಮ ಜಾತಕವನ್ನೇ ತೆರೆದಿಡುತ್ತವೆ. ಒಳಬರುವ ಸಿಗ್ನಲ್‌ನ ಬಲ ಸೊನ್ನೆಯ ಆಸುಪಾಸು, ಮೈನಸ್ 10ರಿಂದ ಪ್ಲಸ್ 10ರೊಳಗೆ ಇದ್ದರೆ ಆರೋಗ್ಯ. ಲಾಗ್‌ನಲ್ಲಿ ‘ಟಿ3 ಟೈಮ್‌ಔಟ್’, ‘ಟಿ4 ಟೈಮ್‌ಔಟ್’ ಎಂಬ ಸಾಲುಗಳು ತುಂಬಿದ್ದರೆ, ಮೋಡೆಮ್ ಕೂಗಿದ್ದಕ್ಕೆ ಆ ಕಡೆಯಿಂದ ಉತ್ತರವೇ ಬರುತ್ತಿಲ್ಲ ಎಂದರ್ಥ. ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಮೋಡೆಮ್ ಆಫ್-ಆನ್ ಮಾಡಿದರೆ ಕೆಲವು ಮಾದರಿಗಳಲ್ಲಿ ಈ ಸಾಕ್ಷಿ ಅಳಿಸಿಹೋಗುತ್ತದೆ, ಅದಕ್ಕೆ ಫೋಟೋ ಮೊದಲು, ಆಫ್-ಆನ್ ಆಮೇಲೆ.

ಎರಡನೆಯದು, ಪಕ್ಕದ ಮನೆಯವರನ್ನು ಕೇಳುವುದು. ನಮ್ಮ ಬೀದಿಯಲ್ಲಿ ಒಂದು ಚಳಿಗಾಲ ಪೂರ್ತಿ ಇದೇ ಗೋಳು. ಮನೆಮನೆಗೂ ಬೇರೆ ಬೇರೆ ಟೆಕ್ನೀಷಿಯನ್ ಬಂದರು, ಮೂರು ಮೋಡೆಮ್ ಬದಲಾದವು. ಕೊನೆಗೆ ಐದು ಮನೆಯವರು ತಮ್ಮ ತಮ್ಮ ದಿನಚರಿ ಪಕ್ಕಪಕ್ಕ ಇಟ್ಟು ನೋಡಿದರೆ ನಿಮಿಷದ ಲೆಕ್ಕದಲ್ಲಿ ಹೊಂದಿಕೆ! ಅದನ್ನು ಒಂದೇ ಕಾಗದದಲ್ಲಿ ಹಾಕಿ, ಐದೂ ವಿಳಾಸ ಬರೆದು, ‘ಇದು ಲೈನ್ ಮೆಂಟೆನೆನ್ಸ್‌ಗೆ ಹೋಗಲಿ’ ಎಂದು ಕೇಳಿದೆವು. ಆ ವಾರವೇ ಬಕೆಟ್ ಟ್ರಕ್ ಬಂತು. ಕಂಬದ ಮೇಲಿನ ಕವಲು ಡಬ್ಬಿಯೊಳಗೆ ನೀರು ತುಂಬಿತ್ತು. ಎದುರು ಮನೆಯ ವಿಯೆಟ್ನಾಂ ಅಜ್ಜಿಯ ಪರಿಚಯವಾದದ್ದೂ ಈ ನೆಪದಲ್ಲೇ.

ಅಷ್ಟಕ್ಕೂ ಬಗ್ಗದಿದ್ದರೆ ಎಫ್‌ಸಿಸಿ ವೆಬ್‌ಸೈಟಿನಲ್ಲಿ ಗ್ರಾಹಕ ದೂರು ಹಾಕಿ. ದುಡ್ಡು ಬೇಡ, ವಕೀಲರು ಬೇಡ. ಅದು ಕಂಪನಿಗೆ ತಲುಪಿದ ಮೇಲೆ 30 ದಿನದೊಳಗೆ ಅವರು ಉತ್ತರಿಸಬೇಕು. ಇಂಥ ದೂರನ್ನು ನೋಡುವವರು ಕಾಲ್ ಸೆಂಟರಿನವರಲ್ಲ, ಕಂಪನಿಯ ಮೇಲಿನ ಹಂತದವರು; ‘ಮೋಡೆಮ್ ಆಫ್ ಮಾಡಿ’ ಎಂಬ ಮಂತ್ರ ಅಲ್ಲಿಗೆ ಮುಗಿಯುತ್ತದೆ. ‘ಬೆಳಿಗ್ಗೆಯಿಂದ ಸಂಜೆ ತನಕ ಯಾವಾಗಲಾದರೂ ಬರುತ್ತೇವೆ’ ಎಂದರೆ ಒಪ್ಪಬೇಡಿ. ಕೇಬಲ್ ಕಂಪನಿಯವರು ನಾಲ್ಕು ಗಂಟೆಯ ಅವಧಿ ಹೇಳಬೇಕು ಎಂಬುದು ಕ್ಯಾಲಿಫೋರ್ನಿಯಾದ ಕಾನೂನು. ಬಿಲ್ಲಿನಲ್ಲಿ ಕ್ರೆಡಿಟ್ ಕೇಳುವುದನ್ನೂ ಬಿಡಬೇಡಿ, 75 ಸೆಂಟ್ ಆದರೂ ಸರಿ. ಕೇಳಿದ್ದಕ್ಕೆ ಒಂದು ದಾಖಲೆ ಉಳಿಯುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ

ಮೀಟಿಂಗ್ ತಪ್ಪಿದರೆ ಕ್ಷಮೆ ಕೇಳಬಹುದು. ಆದರೆ ನಾವೆಲ್ಲ ಆಫೀಸಿಗೆ ಹೋದಾಗ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮ ಮನೆಯಲ್ಲಿ ಇಬ್ಬರೇ ಇರುತ್ತಾರಲ್ಲ, ಅವರ ವಿಷಯ ಬೇರೆ. ಹಳೆಯ ತಾಮ್ರದ ಫೋನಿಗೆ ಎಕ್ಸ್‌ಚೇಂಜ್‌ನಿಂದಲೇ ವಿದ್ಯುತ್ ಬರುತ್ತಿತ್ತು. ಮನೆ ಕತ್ತಲಾದರೂ ಅದು ಮಾತಾಡುತ್ತಿತ್ತು. ಈಗ ಹೆಚ್ಚಿನ ಮನೆಗಳಲ್ಲಿ ಫೋನ್ ಎಂದರೆ ಇಂಟರ್‌ನೆಟ್ ಮೇಲೆ ಓಡುವ ಫೋನ್. ಮೋಡೆಮ್ ಸತ್ತರೆ 9-1-1 ಕೂಡ ಸತ್ತಂತೆ. ಮನೆ ಫೋನ್ ಕೊಡಲೇಬೇಕೆಂಬ ಹೊಣೆಯಿಂದ ತನ್ನನ್ನು ಬಿಡಿಸಿ ಎಂದು ಎಟಿ ಅಂಡ್ ಟಿ 2023ರಲ್ಲಿ ಸಿಪಿಯುಸಿಗೆ ಅರ್ಜಿ ಹಾಕಿದಾಗ, ಬೆಟ್ಟದ ಕಡೆಯವರೂ ವಯಸ್ಸಾದವರೂ ಸಭೆಗಳಿಗೆ ಬಂದು ವಿರೋಧಿಸಿದ್ದು ಇದೇ ಕಾರಣಕ್ಕೆ. 2024ರ ಜೂನ್‌ನಲ್ಲಿ ಆ ಅರ್ಜಿ ತಿರಸ್ಕೃತವಾಯಿತು.

ಮೋಡೆಮ್‌ಗೂ ರೌಟರಿಗೂ ಒಂದು ಸಣ್ಣ ಯುಪಿಎಸ್ ಹಾಕಿ. ಬೆಂಗಳೂರಿನ ಮನೆಯಲ್ಲಿ ಇಟ್ಟುಕೊಂಡಿದ್ದವರೇ ಇಲ್ಲಿಗೆ ಬಂದ ಮೇಲೆ ಮರೆತಿದ್ದೇವೆ. ಅಪ್ಪ-ಅಮ್ಮನ ಕೈಗೆ ಚಾರ್ಜ್ ಆಗಿರುವ ಒಂದು ಸೆಲ್‌ಫೋನ್ ಕೊಟ್ಟಿರಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 9-1-1 ಕರೆ ಹೋಗುತ್ತದೆ ಎಂದು ಹೇಳಿಕೊಡಿ. ಮನೆಯ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ, ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಬರೆದು ಫ್ರಿಜ್ ಮೇಲೆ ಅಂಟಿಸಿ. ಅದರ ಕೆಳಗೆ ಹಗಲು ಹೊತ್ತು ಮನೆಯಲ್ಲೇ ಇರುವ ಪಕ್ಕದವರ ಹೆಸರು, ಮನೆ ನಂಬರ್. ಹತ್ತಿರದ ಫೈರ್ ಸ್ಟೇಷನ್ ಎಲ್ಲಿದೆ ಎಂದು ಒಂದು ಸಂಜೆ ವಾಕಿಂಗ್ ಹೋಗುವಾಗ ತೋರಿಸಿಕೊಂಡು ಬನ್ನಿ.